ಗಿಣ್ಣು ಹಾಲಿನ ಋಣ

ಒಂದು ಮೈಯಿಂದ ಇನ್ನೊಂದು ಮೈಗೆ ದಾಟುವ ರೋಗಕ್ಕೆ ಸೋಂಕು ರೋಗ ಎಂದು ಹೆಸರು. ಗಾಳಿ, ನೀರು, ಹಾಲು, ಎಂಜಲು, ಗಾಯ, ಸೊಳ್ಳೆ, ಉಣ್ಣೆ, ತೊಳೆಯದ ಕೈ ಇವೆಲ್ಲ ಅದು ನಡೆಯುವ ದಾರಿಗಳು. ಮನುಷ್ಯರಲ್ಲಿ ದಡಾರ, ನಾಯಿಕೆಮ್ಮು, ಗಂಟಲಮಾರಿ, ವಾಂತಿಭೇದಿ, ಕ್ಷಯ. ದನಗಳಲ್ಲಿ ಕಾಲುಬಾಯಿ ಜ್ವರ, ಗಳಲೆ ರೋಗ, ಕಂದು ರೋಗ, ಎಳೆಗರುಗಳ ಭೇದಿ. ಆಡು ಕುರಿಗಳಲ್ಲಿ ಹಿರೇಬೇನೆ. ಹೆಸರು ಬೇರೆ ಬೇರೆ ಇದ್ದರೂ ಇವುಗಳಲ್ಲಿ ಹೆಚ್ಚಿನವುಗಳ ಹೊಡೆತಕ್ಕೆ ನಲುಗುವವು ಎಳೆಯ ಜೀವಗಳೇ.

ದಾಟುವ ಈ ಗುಣದಿಂದಾಗಿಯೇ ಸೋಂಕು ವೈದ್ಯರ ಕೈಯಲ್ಲಷ್ಟೇ ಉಳಿಯದೆ ಧರ್ಮದ ಪ್ರಶ್ನೆಯೂ ಆಗಿದೆ. ಕಲ್ಲು ಎಡವಿ ಬಿದ್ದವನ ನೋವು ಅವನೊಬ್ಬನದು. ದಡಾರ ಬಂದ ಮಗುವಿನ ಕೆಮ್ಮು ಪಕ್ಕದ ಮನೆಯ ತೊಟ್ಟಿಲನ್ನೂ ಮುಟ್ಟುತ್ತದೆ. ಹೀಗಿರುವಾಗ ಮೂರು ಪ್ರಶ್ನೆಗಳು ಏಳುತ್ತವೆ. ರೋಗ ದೈವಸಂಕಲ್ಪದಿಂದ ಬರುವುದಾದರೆ ಅದನ್ನು ಮುಂಚಿತವಾಗಿ ತಡೆಯುವುದು ದೈವಕ್ಕೆ ಎದುರು ನಿಂತಂತೆ ಅಲ್ಲವೆ? ತಡೆಯಬಹುದಾದ ರೋಗವನ್ನು ತಡೆಯದೆ ಬಿಟ್ಟರೆ ಆ ತಪ್ಪು ಯಾರ ತಲೆಗೆ? ಮಾತು ಬಾರದ ಕರುವಿಗೂ ಮನುಷ್ಯರ ಕೂಸಿಗೂ ಈ ಲೆಕ್ಕ ಒಂದೆಯೆ? ಭಾರತದ ಮತ್ತು ಹೊರಗಿನ ಧರ್ಮಪರಂಪರೆಗಳು ಈ ಪ್ರಶ್ನೆಗಳಿಗೆ ಬಹಳ ಹಿಂದೆಯೇ ಉತ್ತರ ಹುಡುಕಿವೆ. ಆ ಉತ್ತರಗಳನ್ನು ತೂಗುವ ಮೊದಲು ಹುಟ್ಟಿದ ಜೀವದ ಸ್ಥಿತಿ ಎಂಥದು ಎಂಬುದನ್ನು ನೋಡಬೇಕು.

ಕೊಟ್ಟಿಗೆ ಮತ್ತು ತೊಟ್ಟಿಲು

ಹಸು ಈದ ಮೊದಲ ಗಂಟೆಯಲ್ಲಿ ಕೊಟ್ಟಿಗೆಯೊಳಗೆ ನಡೆಯುವ ಕೆಲಸಗಳು ಸಣ್ಣವು. ಕರುವಿನ ಮೂಗು ಬಾಯಿಯ ಲೋಳೆಯನ್ನು ಒರೆಸಬೇಕು. ತಾಯಿ ಅದರ ಮೈ ನೆಕ್ಕಲು ಬಿಡಬೇಕು. ಹೊಕ್ಕುಳಬಳ್ಳಿಯನ್ನು ಎರಡು ಮೂರು ಅಂಗುಲ ಉಳಿಸಿ ಕತ್ತರಿಸಿ, ತುದಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಬೇಕು. ಹಸಿಯಾದ ಆ ಬಳ್ಳಿ ಸೆಗಣಿ ಗಂಜಲದ ನೆಲಕ್ಕೆ ತಾಗಿದರೆ ರೋಗಾಣು ಅದರ ಮೂಲಕವೇ ಒಳಗೆ ಹೋಗುತ್ತದೆ. ಕೆಲವು ದಿನಗಳಲ್ಲಿ ಹೊಕ್ಕುಳು ಬಾತು, ಬಾವು ಮೊಣಕಾಲಿನ ಕೀಲಿಗೆ ಇಳಿದು, ಕರು ಎದ್ದು ನಿಲ್ಲಲಾರದೆ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡದು ಗಿಣ್ಣು ಹಾಲಿನ ವಿಷಯ. ಹಸು, ಎಮ್ಮೆ, ಆಡು, ಕುರಿಗಳ ಮಾಸು ತಾಯಿಯ ರಕ್ತದಲ್ಲಿರುವ ರೋಗನಿರೋಧಕ ಅಂಶಗಳನ್ನು ಹೊಟ್ಟೆಯೊಳಗಿನ ಮರಿಗೆ ದಾಟಲು ಬಿಡುವುದಿಲ್ಲ. ಹಾಗಾಗಿ ಕರು ಹುಟ್ಟುವಾಗ ಅದರ ರಕ್ತದಲ್ಲಿ ತಾಯಿ ಕೊಟ್ಟ ರಕ್ಷೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ. ತಾಯಿ ತನ್ನ ಆಯುಷ್ಯದಲ್ಲಿ ಎದುರಿಸಿದ ರೋಗಗಳ ಅನುಭವವನ್ನೆಲ್ಲ ಕೆಚ್ಚಲಿನಲ್ಲಿ ಕೂಡಿಟ್ಟಿರುತ್ತದೆ. ದಪ್ಪನೆಯ, ಹಳದಿ ಬಣ್ಣದ ಗಿಣ್ಣಿನಲ್ಲಿ ಇರುವುದು ಅದೇ. ಕರುವಿನ ಕರುಳು ಹುಟ್ಟಿದ ಕೆಲವು ಗಂಟೆಗಳ ಕಾಲ ಮಾತ್ರ ಆ ಅಂಶಗಳನ್ನು ಒಡೆಯದೆ ಹಾಗೆಯೇ ರಕ್ತಕ್ಕೆ ಸೇರಿಸಿಕೊಳ್ಳುತ್ತದೆ. ಮೊದಲ ಆರು ಗಂಟೆ ಉತ್ತಮ. ಆಮೇಲೆ ಹೊತ್ತು ಹೋದಂತೆ ಆ ಶಕ್ತಿ ಇಳಿಯುತ್ತದೆ. ಸುಮಾರು 24 ಗಂಟೆಯಲ್ಲಿ ಬಾಗಿಲು ಮುಚ್ಚುತ್ತದೆ. ಕರುವಿನ ತೂಕದ ಹತ್ತನೇ ಒಂದು ಪಾಲು ಎಂಬುದು ರೂಢಿಯ ಅಳತೆ: 25 ಕೆ.ಜಿ. ತೂಗುವ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಗಿಣ್ಣು ಹೊಟ್ಟೆಗೆ ಸೇರಬೇಕು.

ಅನೇಕ ಕೊಟ್ಟಿಗೆಗಳಲ್ಲಿ ಆಗುವುದು ಬೇರೆ. ಕಸ, ಅಂದರೆ ಮಾಸು, ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದು ಎಂಬ ನಂಬಿಕೆ ಇದೆ. ಗಿಣ್ಣು ಕುಡಿದರೆ ಕರುವಿಗೆ ಭೇದಿ ಹಿಡಿಯುತ್ತದೆ ಎಂಬ ಭಯವಿದೆ. ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಗಿಣ್ಣಿನ ರುಚಿಯೂ ಇದೆ. ಎಂಟು ಹತ್ತು ತಾಸು ಕಳೆದು ಕಸ ಬೀಳುವ ಹೊತ್ತಿಗೆ ಕರುವಿನ ಕರುಳಿನ ಬಾಗಿಲು ಅರ್ಧ ಮುಚ್ಚಿರುತ್ತದೆ. ಮುಂದಿನ ವಾರ ಬಿಳಿ ಭೇದಿಯಾಗಿ ಕರು ಸತ್ತರೆ ಮನೆಯವರು ಅದರ ಆಯುಸ್ಸು ಅಷ್ಟೇ ಇತ್ತು ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ.

ಮನುಷ್ಯರ ಕೂಸು ಇಷ್ಟು ಬರಿಗೈಯಲ್ಲಿ ಹುಟ್ಟುವುದಿಲ್ಲ. ಗರ್ಭದ ಕೊನೆಯ ವಾರಗಳಲ್ಲಿ ತಾಯಿಯ ನಿರೋಧಕ ಅಂಶಗಳು ಮಾಸಿನ ಮೂಲಕ ಮಗುವಿಗೆ ಇಳಿದಿರುತ್ತವೆ. ಆ ರಕ್ಷೆ ಕೆಲವು ತಿಂಗಳಲ್ಲಿ ಕರಗುತ್ತದೆ. ಕರುಳಿಗೆ ಬೇಕಾದ ರಕ್ಷೆ ಮೊದಲ ಹಳದಿ ಹಾಲಿನಿಂದಲೇ ಬರಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳವರೆಗೆ ಎದೆಹಾಲಿನ ಹೊರತು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದೇ ಕಾರಣಕ್ಕೆ. ಆದರೂ ಆ ಮೊದಲ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಮಗುವಿನ ನಾಲಿಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರುವ ಮನೆಗಳು ಉಂಟು. ಕರುವಿಗೆ ಸಿಗದಂತೆ ಗಿಣ್ಣನ್ನು ಎತ್ತಿಡುವುದು, ಕೂಸಿಗೆ ಸಿಗದಂತೆ ಹಾಲನ್ನು ಚೆಲ್ಲುವುದು: ಎರಡೂ ಕಡೆ ಎಳೆಯ ಜೀವಕ್ಕೆ ತಪ್ಪಿಹೋಗುವುದು ತಾಯಿ ಇಟ್ಟ ಬುತ್ತಿ.

ಇಲ್ಲಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸೋಂಕಿನಿಂದ ರಕ್ಷೆ ಎಂಬುದು ಎಳೆಯ ಜೀವಕ್ಕೆ ಸ್ವಂತ ಸಂಪಾದನೆಯಲ್ಲ. ಅದು ಇನ್ನೊಬ್ಬರು ಕೊಡಬೇಕಾದದ್ದು. ಕೂಸು ತನ್ನ ಕೈ ತೊಳೆದುಕೊಳ್ಳಲಾರದು, ಕರು ತನ್ನ ಹಾಸಿಗೆ ಒಣಗಿಸಿಕೊಳ್ಳಲಾರದು. ಕೊಡುವ ಕೈ ಬೇರೊಬ್ಬರದಾದ್ದರಿಂದ ಕೊಡದೆ ಇದ್ದುದರ ಹೊಣೆಯೂ ಆ ಕೈಯದೇ.

ದೈವ ಮತ್ತು ಪುರುಷಕಾರ

ಆಯುಸ್ಸು ಅಷ್ಟೇ ಇತ್ತು ಎಂಬ ಮಾತನ್ನು ಚರಕಸಂಹಿತೆ ನೇರವಾಗಿ ಎತ್ತಿಕೊಂಡು ಚರ್ಚಿಸುತ್ತದೆ. ವಿಮಾನಸ್ಥಾನದ ಮೂರನೇ ಅಧ್ಯಾಯದ ವಿಷಯ ಜನಪದೋದ್ಧ್ವಂಸ, ಅಂದರೆ ಊರಿಗೆ ಊರನ್ನೇ ಹಾಳುಮಾಡುವ ರೋಗ. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ, ಬೇಸಗೆಯ ಕೊನೆಯ ದಿನಗಳಲ್ಲಿ, ಆತ್ರೇಯ ಋಷಿ ಶಿಷ್ಯರೊಂದಿಗೆ ಗಂಗೆಯ ದಡದಲ್ಲಿ ನಡೆಯುತ್ತಿರುತ್ತಾನೆ. ಕೇಡಿನ ಲಕ್ಷಣಗಳು ಕಾಣುತ್ತಿವೆ, ನೆಲದ ಸಾರ ಕೆಡುವ ಮುನ್ನವೇ ಮೂಲಿಕೆಗಳನ್ನು ಕೂಡಿಹಾಕಿಕೊಳ್ಳಿ ಎಂದು ಅಗ್ನಿವೇಶನಿಗೆ ಹೇಳುತ್ತಾನೆ. ಸಾಂಕ್ರಾಮಿಕದ ಬಗೆಗಿನ ಈ ಪುರಾತನ ಅಧ್ಯಾಯ ಆರಂಭವಾಗುವುದೇ ಮುನ್ನೆಚ್ಚರಿಕೆಯಿಂದ.

ಅಗ್ನಿವೇಶನ ಸಂಶಯ ಸರಳವಾದದ್ದು. ಜನರ ಪ್ರಕೃತಿ, ಆಹಾರ, ಬಲ, ವಯಸ್ಸು ಬೇರೆ ಬೇರೆ. ಹಾಗಿದ್ದೂ ಒಂದೇ ರೋಗ ಎಲ್ಲರನ್ನೂ ಒಟ್ಟಿಗೆ ಹೇಗೆ ಕೊಲ್ಲುತ್ತದೆ? ಆತ್ರೇಯನ ಉತ್ತರ: ಮೈ ಬೇರೆಯಾದರೂ ಗಾಳಿ, ನೀರು, ನೆಲ, ಕಾಲ ಎಂಬ ನಾಲ್ಕು ಎಲ್ಲರಿಗೂ ಒಂದೇ, ಅವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ. ಅವು ಕೆಡುವುದಕ್ಕೆ ಮೂಲ ಅಧರ್ಮ, ಅದರ ಬೇರು ಪ್ರಜ್ಞಾಪರಾಧ. ತಿಳಿವು, ಹಿಡಿತ, ನೆನಪು ತಪ್ಪಿದಾಗ ಮಾಡುವ ಕೆಲಸವೇ ಪ್ರಜ್ಞಾಪರಾಧ. ನೀರು ಕೆಟ್ಟಿದೆಯೆಂದು ತಿಳಿದೂ ಕುದಿಸದೆ ಕುಡಿಸುವುದು, ಕಾಲುಬಾಯಿ ಜ್ವರ ಬಂದ ಹಸುವನ್ನು ಸಂತೆಗೆ ಹೊಡೆಯುವುದು ಈ ಮಾತಿನ ಇಂದಿನ ಅರ್ಥಗಳು.

ಮುಂದೆ ಆಯುಸ್ಸಿನ ಪ್ರಶ್ನೆ ಬರುತ್ತದೆ. ಅದು ಮೊದಲೇ ಗೊತ್ತಾದದ್ದೆ, ಅಲ್ಲವೆ? ಹಿಂದಿನ ಜನ್ಮದಲ್ಲಿ ಮಾಡಿದ್ದು ದೈವ, ಈ ಜನ್ಮದಲ್ಲಿ ಮಾಡುವುದು ಪುರುಷಕಾರ, ಎರಡರ ಬಲಾಬಲದ ಮೇಲೆ ಆಯುಸ್ಸು ನಿಂತಿದೆ ಎನ್ನುತ್ತಾನೆ ಆತ್ರೇಯ. ಎಲ್ಲ ಆಯುಸ್ಸೂ ನಿಗದಿಯಾಗಿದ್ದರೆ ಯಾರೂ ಮದ್ದು ಮಂತ್ರಗಳ ಗೊಡವೆಗೆ ಹೋಗುತ್ತಿರಲಿಲ್ಲ, ಕೆರಳಿದ ಆನೆಗೂ ಎತ್ತಿಗೂ ದಾರಿ ಬಿಡುತ್ತಿರಲಿಲ್ಲ ಎಂಬುದು ಅವನ ವಾದ. ಅದಕ್ಕೆ ಅವನು ಕೊಡುವ ಹೋಲಿಕೆ ಗಾಡಿಯ ಅಚ್ಚಿನದು. ಒಳ್ಳೆಯ ಅಚ್ಚು ಹದವಾದ ಹೊರೆ ಹೊತ್ತು ನಡೆದರೆ ಕಾಲಕ್ರಮದಲ್ಲಿ ಸವೆದು ಮುಗಿಯುತ್ತದೆ. ಅದೇ ಅಚ್ಚು ಮೀರಿದ ಹೊರೆಯಿಂದ, ಕೆಟ್ಟ ದಾರಿಯಿಂದ, ಎಣ್ಣೆ ಕಾಣದೆ ನಡುದಾರಿಯಲ್ಲೇ ಮುರಿಯಬಹುದು. ಹಳ್ಳಿಯ ರೈತ ಗಾಡಿಯ ಅಚ್ಚಿಗೆ ಎಣ್ಣೆ ಹಾಕುವಾಗ ದೈವದ್ರೋಹ ಮಾಡಿದೆನೆಂದು ಭಾವಿಸುವುದಿಲ್ಲ. ಕರುವಿನ ಹೊಕ್ಕುಳಿಗೆ ಅಯೋಡಿನ್ ಹಚ್ಚುವುದೂ ಅಚ್ಚಿಗೆ ಎಣ್ಣೆ ಹಾಕಿದ ಹಾಗೆಯೇ.

ಬೌದ್ಧ ಪರಂಪರೆಯಲ್ಲೂ ಇಂಥದೇ ನಿಲುವಿದೆ. ಸಂಯುತ್ತ ನಿಕಾಯದ ಸೀವಕ ಸುತ್ತದಲ್ಲಿ, ಅನುಭವಿಸುವುದೆಲ್ಲ ಹಿಂದಿನ ಕರ್ಮದ ಫಲವೆಂಬ ಮತದ ಬಗ್ಗೆ ಬುದ್ಧನನ್ನು ಕೇಳಲಾಗುತ್ತದೆ. ಪಿತ್ತ, ಕಫ, ವಾತ, ಮೂರರ ಕೂಟ, ಋತುವಿನ ಬದಲಾವಣೆ, ಅಜಾಗರೂಕ ನಡವಳಿಕೆ, ಹೊರಗಿನ ಪೆಟ್ಟು, ಕರ್ಮ ಎಂದು ಬುದ್ಧ ಎಂಟು ಕಾರಣಗಳನ್ನು ಎಣಿಸುತ್ತಾನೆ. ಎಂಟರಲ್ಲಿ ಕರ್ಮ ಒಂದು ಮಾತ್ರ. ಉಳಿದವುಗಳಲ್ಲಿ ಮನುಷ್ಯನ ಎಚ್ಚರಕ್ಕೆ ಬೇಕಾದಷ್ಟು ಜಾಗವಿದೆ.

ಇಸ್ಲಾಮಿನ ಇತಿಹಾಸದಲ್ಲಿ ಈ ಪ್ರಶ್ನೆ ಒಂದು ಪ್ರಯಾಣದ ನಡುವೆ ಎದುರಾಯಿತು. ಏಳನೇ ಶತಮಾನದ ಮೊದಲರ್ಧದಲ್ಲಿ ಖಲೀಫ ಉಮರ್ ಸಿರಿಯಾ ಕಡೆಗೆ ಹೊರಟಿದ್ದಾಗ ಅಲ್ಲಿ ಪಿಡುಗು ಎದ್ದಿರುವ ಸುದ್ದಿ ಬಂತು. ಅವರು ಹಿಂದಿರುಗಲು ನಿಶ್ಚಯಿಸಿದರು. ಅವರ ಸೇನಾಪತಿ ಅಬೂ ಉಬೈದಾ, ಇದು ದೇವರ ವಿಧಿಯಿಂದ ಓಡಿದಂತಾಗದೆ ಎಂದು ಕೇಳಿದರು. ದೇವರ ಒಂದು ವಿಧಿಯಿಂದ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇವೆ ಎಂಬುದು ಉಮರ್ ಅವರ ಉತ್ತರ. ಅದನ್ನು ವಿವರಿಸಲು ಅವರು ಆರಿಸಿಕೊಂಡ ಉದಾಹರಣೆ ಒಂಟೆ ಮೇಯಿಸುವವನದು: ಕಣಿವೆಯ ಒಂದು ಮಗ್ಗುಲು ಹಸಿರು, ಇನ್ನೊಂದು ಬರಡು, ಎಲ್ಲಿ ಮೇಯಿಸಿದರೂ ಅದು ದೇವರ ವಿಧಿಯೇ, ಆದರೂ ತಿಳಿದವನು ಹಸಿರಿನತ್ತ ಹೊಡೆಯುತ್ತಾನೆ. ಪಿಡುಗಿರುವ ಊರಿಗೆ ಹೋಗಬಾರದು, ಪಿಡುಗಿನ ಊರಿನಲ್ಲಿರುವವರು ಹೊರಗೆ ಬರಬಾರದು ಎಂದೂ, ರೋಗದ ಒಂಟೆಗಳನ್ನು ಆರೋಗ್ಯದ ಒಂಟೆಗಳ ನಡುವೆ ತರಬಾರದು ಎಂದೂ ಹದೀಸುಗಳಲ್ಲಿ ಹೇಳಿದೆ.

ಗಾಡಿಯ ಅಚ್ಚು ಮತ್ತು ಒಂಟೆಯ ಕಣಿವೆ ಬೇರೆ ಬೇರೆ ದೇಶಗಳಲ್ಲಿ ಹುಟ್ಟಿದ ಹೋಲಿಕೆಗಳು. ದೈವದಲ್ಲಿ ನಂಬಿಕೆಯಿರುವವನು ಕೈಕಟ್ಟಿ ಕೂರಬೇಕಾಗಿಲ್ಲ ಎಂಬ ತೀರ್ಮಾನ ಎರಡರದೂ ಒಂದೇ.

ಅಮ್ಮನ ಮುನಿಸು

ಕನ್ನಡ ನಾಡಿನ ಹಳ್ಳಿಗಳಲ್ಲಿ ರೋಗಕ್ಕೆ ತಾಯಿಯ ಹೆಸರಿತ್ತು. ಸಿಡುಬು ಎದ್ದರೆ ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಅಡುಗೆಗೆ ಒಗ್ಗರಣೆ ನಿಲ್ಲಿಸಿ, ಹೊರಗಿನವರನ್ನು ಒಳಗೆ ಬಿಡದೆ, ಹಾಸಿಗೆ ಹಿಡಿದ ಮಗುವನ್ನು ದೇವರೆಂದೇ ಕಾಣುತ್ತಿದ್ದರು. ದನಗಳಿಗೆ ದೊಡ್ಡರೋಗ ಬಂದರೂ ಹರಕೆ ಹೋಗುತ್ತಿದ್ದುದು ಮಾರಮ್ಮನಿಗೇ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪ್ಲೇಗ್ ಮಾರಮ್ಮನ ಗುಡಿಗಳು ಎದ್ದವು. ಗಂಟಲಮಾರಿ ಎಂಬ ರೋಗದ ಹೆಸರಿನಲ್ಲಿ ಅವಳು ಇಂದಿಗೂ ಇದ್ದಾಳೆ.

ಈ ನಂಬಿಕೆಯನ್ನು ಬರಿಯ ಅಸಹಾಯಕತೆ ಎಂದು ಓದಿದರೆ ತಪ್ಪಾಗುತ್ತದೆ. ತುಳುನಾಡಿನ ಆಟಿ ಕಳೆಂಜ ಎಂಬ ಜನಪದ ವೇಷಧಾರಿ ಮಳೆಗಾಲದ ಆಟಿ ತಿಂಗಳಲ್ಲಿ ಮನೆಮನೆಗೆ ಬಂದು ಮನುಷ್ಯರ ಮತ್ತು ದನಕರುಗಳ ಮಾರಿಯನ್ನು ಕಳೆಯುತ್ತಾನೆ ಎಂಬ ನಂಬಿಕೆಯಿದೆ. ಮಲೆನಾಡಿನ ಕೆಲವು ಊರುಗಳಲ್ಲಿ ಹೊರಬೀಡು ಎಂಬ ಆಚರಣೆಯ ದಿನ ಊರವರೆಲ್ಲ ಮನೆ ಬಿಟ್ಟು ಊರ ಹೊರಗೆ ಅಡುಗೆ ಮಾಡಿ ಉಣ್ಣುತ್ತಾರೆ. ರೋಗವನ್ನು ಗಡಿಯಾಚೆಗೆ ಕಳಿಸಬಹುದು, ಅದಕ್ಕೆ ಊರೆಲ್ಲ ಒಟ್ಟಾಗಬೇಕು ಎಂಬ ಎರಡು ತಿಳಿವಳಿಕೆಗಳು ಈ ಆಚರಣೆಗಳ ಒಳಗಿವೆ. ಆಗ ಕೈಯಲ್ಲಿ ಇಲ್ಲದಿದ್ದುದು ಸಾಧನ. ತಡೆಯುವ ಹಂಬಲ ಮೊದಲಿನಿಂದಲೂ ಇತ್ತು.

ಸಾಧನ ಬಂದದ್ದು ಹಸುವಿನಿಂದ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಾಲು ಕರೆಯುವ ಹೆಂಗಸಿನ ಕೈಯ ಹಸುಸಿಡುಬಿನ ಗುಳ್ಳೆಯಿಂದ ಕೀವು ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಚುಚ್ಚಿದ. ಹಸುಸಿಡುಬು ತಾಗಿದವರಿಗೆ ದೊಡ್ಡ ಸಿಡುಬು ಬರುವುದಿಲ್ಲ ಎಂಬ ಗೋಪಾಲಕರ ಮಾತು ಅದರಿಂದ ಖಚಿತವಾಯಿತು. 1802ರ ಜೂನ್‌ನಲ್ಲಿ ಈ ಲಸಿಕೆ ಮುಂಬಯಿಗೆ ತಲುಪಿತು. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಮೈಸೂರು ಅರಮನೆಯ ಮೂವರು ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆಯನ್ನು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಇತಿಹಾಸಕಾರ ನೈಜೆಲ್ ಚಾನ್ಸಲರ್ ಆಕೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಎಂದು ಗುರುತಿಸಿ, ಲಸಿಕೆ ಹಾಕಿದ ಜಾಗವನ್ನು ತೋರಿಸಿ ಜನರ ಅಂಜಿಕೆ ಬಿಡಿಸಲು ಈ ಚಿತ್ರ ಬರೆಸಿರಬೇಕು ಎಂದು ವಾದಿಸಿದ್ದಾರೆ.

ಲಸಿಕೆ ಹಳ್ಳಿಗೆ ಬಂದಾಗ ಜನ ಅದಕ್ಕೆ ತಮ್ಮದೇ ಹೆಸರಿಟ್ಟರು. ಸಿಡುಬಿನ ಚುಚ್ಚುಮದ್ದು ಹಾಕಿಸುವುದಕ್ಕೆ ಮೈಲಿ ಹಾಕಿಸುವುದು, ದೇವಿ ಹಾಕಿಸುವುದು ಎಂದರು. ದೇವಿಯ ಹೆಸರು ಹೊತ್ತ ರೋಗವನ್ನು ತಡೆಯುವ ಮದ್ದಿಗೂ ದೇವಿಯ ಹೆಸರೇ ಬಂತು. ಅಮ್ಮನ ಭಕ್ತಿಯನ್ನೂ ತೋಳಿನ ಮೇಲಿನ ಕಲೆಯನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಅವರಿಗೆ ಕಷ್ಟವಾಗಲಿಲ್ಲ.

ಮಡಿ ಮತ್ತು ಶುಚಿ

ಶೌಚವನ್ನು ಎಲ್ಲ ಧರ್ಮಗಳೂ ಹೊಗಳಿವೆ. ಆದರೆ ಮಡಿಗೂ ಶುಚಿಗೂ ವ್ಯತ್ಯಾಸವಿದೆ. ಊಟಕ್ಕೆ ಮೊದಲು ಕೈಕಾಲು ತೊಳೆಯುವುದು, ಚಪ್ಪಲಿ ಹೊರಗೆ ಬಿಡುವುದು, ಎಂಜಲು ಮುಟ್ಟದಿರುವುದು, ಹಾಲನ್ನು ಉಕ್ಕಿಸಿಯೇ ಕುಡಿಯುವುದು ಇವು ರೂಢಿಯೊಳಗೆ ಸೇರಿಹೋದ ಶುಚಿ. ಹಸಿ ಹಾಲಿನಿಂದ ಮನುಷ್ಯರಿಗೆ ಕಂದು ರೋಗವೂ ದನದ ಕ್ಷಯವೂ ದಾಟುತ್ತವೆ. ಹಾಲು ಉಕ್ಕಿಸುವ ಅಭ್ಯಾಸ ಎಷ್ಟೋ ಮನೆಗಳನ್ನು ಕಾಪಾಡಿದೆ.

ಮಡಿ ಹುಟ್ಟನ್ನು ನೋಡಿ ಮನುಷ್ಯರನ್ನು ವಿಂಗಡಿಸಿದಾಗ ಶುಚಿ ಅಲ್ಲಿಂದ ಹೊರಡುತ್ತದೆ. ರೋಗಾಣು ಜಾತಿ ನೋಡುವುದಿಲ್ಲ, ಗೌರವವನ್ನೂ ನೋಡುವುದಿಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಝ್ ಸೆಮ್ಮಲ್‌ವೈಸ್ ಕಂಡದ್ದು ಇದನ್ನೇ. ಹೆಣ ಕೊಯ್ದು ನೇರವಾಗಿ ಹೆರಿಗೆ ಮಾಡಿಸಲು ಬರುತ್ತಿದ್ದ ವೈದ್ಯರ ಕೈಯಿಂದಲೇ ಬಾಣಂತಿಯರಿಗೆ ಜ್ವರ ಹತ್ತುತ್ತಿತ್ತು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಬೇಕೆಂದು ಅವನು ಕಟ್ಟು ಮಾಡಿದ ಮೇಲೆ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ವಾರಗಳಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಊರಿನ ದೊಡ್ಡ ಮನುಷ್ಯರ ಕೈಯೂ ಸೋಂಕಿನ ದಾರಿಯಾಗಬಲ್ಲದು ಎಂಬ ಈ ಸತ್ಯವನ್ನು ಅಂದಿನ ಅನೇಕ ವೈದ್ಯರು ಒಪ್ಪಲಿಲ್ಲ.

ಪವಿತ್ರವಾದದ್ದೆಲ್ಲ ಶುಚಿಯಲ್ಲ ಎಂಬುದಕ್ಕೆ ಸೆಗಣಿ ಸಾಕ್ಷಿ. ಅಂಗಳ ಸಾರಿಸಲು ಬಳಸುವ ಸೆಗಣಿಯನ್ನು ಕೂಸಿನ ಹೊಕ್ಕುಳಿಗೆ ಮೆತ್ತಿದರೆ ಅದರಲ್ಲಿರುವ ಧನುರ್ವಾಯುವಿನ ಬೀಜಾಣು ಒಳಸೇರುತ್ತದೆ. ಗರ್ಭಿಣಿಯರಿಗೆ ಚುಚ್ಚುಮದ್ದು, ಹೆರಿಗೆಗೆ ಸ್ವಚ್ಛವಾದ ಬ್ಲೇಡು, ಹೊಕ್ಕುಳಿಗೆ ಏನನ್ನೂ ಮೆತ್ತದೆ ಒಣಗಿಸುವ ಪಾಠ ಇವುಗಳಿಂದ ಭಾರತ 2015ರಲ್ಲಿ ನವಜಾತರ ಧನುರ್ವಾಯುವನ್ನು, ಪ್ರತಿ ಜಿಲ್ಲೆಯಲ್ಲೂ ಸಾವಿರ ಜನನಕ್ಕೆ ಒಂದಕ್ಕಿಂತ ಕಡಿಮೆ ಎಂಬ ಮಟ್ಟಕ್ಕೆ ಇಳಿಸಿತು. ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಬೆಚ್ಚಗೆ ಒಳಗಿಟ್ಟು ಹೊರಗಿನವರನ್ನು ತಡೆದರೆ ಅದು ರಕ್ಷೆ. ಅದೇ ಸೂತಕದ ಹೆಸರಿನಲ್ಲಿ ಅವರನ್ನು ಊರ ಹೊರಗಿನ ಗುಡಿಸಲಿನಲ್ಲಿ ಚಳಿಗೆ ಮಳೆಗೆ ಬಿಟ್ಟರೆ ಅದು ಅಧರ್ಮ. ಆಚರಣೆ ಧರ್ಮವೋ ಅಲ್ಲವೋ ಎಂಬುದಕ್ಕೆ ಎಳೆಯ ಜೀವ ಉಳಿಯಿತೆ ಎಂಬುದೇ ಅಳತೆಗೋಲು.

ಅಹಿಂಸೆಯ ಸಂಕಟ

ಜೈನ ಧರ್ಮದಲ್ಲಿ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು ಎನ್ನುವ ಧರ್ಮಕ್ಕೆ ರೋಗಾಣುವನ್ನು ಕೊಲ್ಲುವುದು ಸಮ್ಮತವೆ? ನೀರಿನಲ್ಲಿರುವ ಜೀವಗಳನ್ನು ಉಳಿಸಲೆಂದು ಜೈನರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುತ್ತಾರೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಚಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾದ ರೋಗಾಣು ನೀರಿನ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುತ್ತದೆ. ಬಟ್ಟೆ ಅವನ್ನು ತಡೆಯುತ್ತದೆ. ಬೇರೆ ಜೀವಕ್ಕೆ ತೋರಿದ ದಯೆ ತನಗೇ ರಕ್ಷೆಯಾಗಿ ಮರಳಬಲ್ಲದು ಎಂಬುದಕ್ಕೆ ಇದು ನಿದರ್ಶನ.

ಗೃಹಸ್ಥನಿಗೆ ಜೈನ ಶಾಸ್ತ್ರ ಸನ್ಯಾಸಿಯ ಕಟ್ಟುನಿಟ್ಟನ್ನು ವಿಧಿಸುವುದಿಲ್ಲ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಅವನು ಬಿಡಲೇಬೇಕು. ಅಡುಗೆ, ಕಸುಬು, ಆತ್ಮರಕ್ಷಣೆಯಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಕೂಸನ್ನು ಉಳಿಸಲು ರೋಗಾಣುವನ್ನು ತಡೆಯುವುದು ಈ ಎರಡನೆಯ ಬಗೆಗೆ ಸೇರುತ್ತದೆ.

ಇನ್ನೂ ಕಠಿಣವಾದ ಸಂಕಟ ಲಸಿಕೆಯ ಮೂಲದಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಿಂದ ಸಿಡುಬಿನ ಲಸಿಕೆಯನ್ನು ಕರುಗಳ ಮೈಮೇಲೆ ಬೆಳೆಸುತ್ತಿದ್ದರು. ಕರುವಿನ ಹೊಟ್ಟೆಯ ಭಾಗವನ್ನು ಬೋಳಿಸಿ, ಗೀರು ಎಳೆದು, ಹಸುಸಿಡುಬನ್ನು ಹಚ್ಚಿ, ಎದ್ದ ಗುಳ್ಳೆಗಳನ್ನು ಕೆರೆದು ತೆಗೆಯುತ್ತಿದ್ದರು. ಗಾಂಧೀಜಿ ಆರೋಗ್ಯದ ಕುರಿತ ತಮ್ಮ ಬರಹಗಳಲ್ಲಿ ಸಿಡುಬಿನ ಲಸಿಕೆಯನ್ನು ವಿರೋಧಿಸಿದ್ದಕ್ಕೆ ಇದೂ ಒಂದು ಕಾರಣ. ಅವರ ಮನಸ್ಸಿನ ನೋವು ನಿಜವಾದದ್ದು. ಆದರೆ ಆ ವಾದ ಸಿಡುಬಿನಿಂದ ಸಾಯುತ್ತಿದ್ದ ಮಕ್ಕಳಿಗೆ ಉತ್ತರ ಕೊಡಲಿಲ್ಲ. ಎರಡು ನೋವುಗಳ ನಡುವೆ ಆರಿಸಬೇಕಾದಾಗ ಚಿಕ್ಕದನ್ನು ಆರಿಸಿ, ಆ ಚಿಕ್ಕ ನೋವನ್ನು ಹೊತ್ತ ಜೀವಕ್ಕೆ ಋಣಿಯಾಗಿರುವುದು ಸರಿಯಾದ ದಾರಿ. ತಲೆಮಾರುಗಳ ಮಕ್ಕಳು ಸಿಡುಬಿನಿಂದ ಪಾರಾದದ್ದು ಕರುವಿನ ಚರ್ಮದ ಮೇಲಿನ ಗಾಯದಿಂದ. ಅದೇ ಕರುವಿನ ಪಾಲಿನ ಗಿಣ್ಣನ್ನು ಅದಕ್ಕೆ ಬಿಡದಿರುವುದು ಕೃತಘ್ನತೆ.

ಹಿಂಡಿನ ರಕ್ಷೆ

ಹೆಚ್ಚಿನವರಿಗೆ ರಕ್ಷೆ ಇದ್ದರೆ ರೋಗ ದಾಟಲು ಮೈ ಸಿಗದೆ ರಕ್ಷೆ ಇಲ್ಲದವರೂ ಉಳಿಯುತ್ತಾರೆ. ಇದನ್ನು ಹಿಂಡಿನ ರಕ್ಷೆ ಎನ್ನುತ್ತಾರೆ. ಈ ಮಾತು ಹುಟ್ಟಿದ್ದೇ ದನದ ಹಿಂಡಿನಲ್ಲಿ. ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ, ಹಸುಗಳು ಕಂದು ಹಾಕುವ ರೋಗದ ಬಗ್ಗೆ ಕೆಲಸ ಮಾಡುತ್ತಿದ್ದ ಅಮೆರಿಕದ ಪಶುವೈದ್ಯರು ಅದನ್ನು ಬಳಕೆಗೆ ತಂದರು. ಮನುಷ್ಯರ ವೈದ್ಯಶಾಸ್ತ್ರ ಆಮೇಲೆ ಕಡ ಪಡೆಯಿತು.

ದಡಾರ ಬಂದ ಒಬ್ಬ, ರಕ್ಷೆಯಿಲ್ಲದ ಜನರ ನಡುವೆ 12ರಿಂದ 18 ಮಂದಿಗೆ ಅದನ್ನು ಹರಡಬಲ್ಲ. ಅದನ್ನು ತಡೆಯಲು ನೂರರಲ್ಲಿ ಸುಮಾರು 95 ಮಂದಿಗೆ ರಕ್ಷೆ ಬೇಕು. ಭಾರತದಲ್ಲಿ ದಡಾರದ ಮೊದಲ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ. ಅದಕ್ಕೆ ಮುಂಚಿನ ಕೂಸನ್ನು ಕಾಯುವುದು ಸುತ್ತಲಿನ ಮಕ್ಕಳ ತೋಳಿನಲ್ಲಿರುವ ಲಸಿಕೆ. ಕಾಲುಬಾಯಿ ಜ್ವರದ ಲಸಿಕೆ ಕರುವಿಗೆ ನಾಲ್ಕು ತಿಂಗಳಾದ ಮೇಲೆ. ಅಲ್ಲಿಯವರೆಗೆ ಅದನ್ನು ಕಾಯುವುದು ಊರಿನ ಉಳಿದ ದನಗಳು. ಕಂದು ರೋಗದ ಲಸಿಕೆಯನ್ನು ಹೆಣ್ಣುಗರುಗಳಿಗೆ ನಾಲ್ಕರಿಂದ ಎಂಟು ತಿಂಗಳ ನಡುವೆ ಒಮ್ಮೆ ಹಾಕಿಸಿದರೆ ಆ ಹಸು ಮುಂದೆ ಕಂದು ಹಾಕುವುದು ತಪ್ಪುತ್ತದೆ, ಅದರ ಮಾಸನ್ನು ಬರಿಗೈಯಲ್ಲಿ ಎತ್ತುವ ಮನೆಯಾಕೆಗೂ ರೋಗ ತಗಲುವುದು ತಪ್ಪುತ್ತದೆ. ಒಂದು ಕರುವಿನ ಕುತ್ತಿಗೆಗೆ ಬಿದ್ದ ಸೂಜಿ ಇಡೀ ಮನೆಯನ್ನು ಕಾಯುತ್ತದೆ.

ಹೀಗಿರುವಾಗ ನನ್ನ ಮಗು, ನನ್ನ ದನ, ನನ್ನಿಷ್ಟ ಎಂಬ ಮಾತು ಅರ್ಧಸತ್ಯ. ಸೂಜಿಗೆ ಹೆದರುವವರ ಭಯವನ್ನು ಹೀಗಳೆಯಬಾರದು. ಅವರ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡಬೇಕು, ಬಲವಂತ ಸಲ್ಲದು. ಆದರೆ ತಿಳಿದ ಮೇಲೆಯೂ ಉದಾಸೀನ ಮಾಡಿದರೆ ಅದು ಚರಕ ಹೇಳಿದ ಪ್ರಜ್ಞಾಪರಾಧವೇ. ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು: ಗೃಹಸ್ಥ ತನ್ನ ಅನ್ನದಲ್ಲಿ ಉಳಿದ ಜೀವಿಗಳಿಗೆ ಪಾಲು ಎತ್ತಿಡಬೇಕು. ಮನುಸ್ಮೃತಿ ಹಸುವಿನ ಗಿಣ್ಣನ್ನೂ ಈದು ಹತ್ತು ದಿನ ಕಳೆಯದ ಹಸುವಿನ ಹಾಲನ್ನೂ ವರ್ಜ್ಯವೆಂದು ಎಣಿಸುತ್ತದೆ. ಅದು ಆ ನಿಯಮವನ್ನು ಇಟ್ಟಿರುವುದು ಭಕ್ಷ್ಯಾಭಕ್ಷ್ಯಗಳ ಪಟ್ಟಿಯಲ್ಲಿ. ಪಾಲಿಸಿದ ಮನೆಯಲ್ಲಿ ಮಾತ್ರ ಅದರ ಫಲ ಕರುವಿನ ಹೊಟ್ಟೆಗೇ ಸಂದಿರುತ್ತದೆ. ಇಂದಿನ ಹೆಚ್ಚು ಹಾಲಿನ ಹಸುಗಳಲ್ಲಿ ಕರು ಕುಡಿದು ಮಿಕ್ಕುವಷ್ಟು ಗಿಣ್ಣು ಇರುತ್ತದೆ. ಮೊದಲು ಕರುವಿಗೆ, ಉಳಿದದ್ದು ಮನೆಗೆ ಎಂಬ ಸರದಿ ತಪ್ಪದಿದ್ದರೆ ಸಾಕು.

ಕಾಣದ ಫಲ

ರೋಗ ತಡೆಯುವ ಕೆಲಸಕ್ಕೆ ಇನ್ನೊಂದು ವಿಶೇಷವಿದೆ. ರೋಗ ವಾಸಿ ಮಾಡಿದ ವೈದ್ಯನನ್ನು ಜನ ನೆನೆಯುತ್ತಾರೆ. ಬಾರದೆ ಹೋದ ರೋಗ ಯಾರ ಕಣ್ಣಿಗೂ ಕಾಣುವುದಿಲ್ಲ, ಅದನ್ನು ತಡೆದವರಿಗೆ ಯಾರೂ ಕೈ ಮುಗಿಯುವುದಿಲ್ಲ. ನೀರಿನ ಟ್ಯಾಂಕಿಗೆ ಕ್ಲೋರಿನ್ ಹಾಕುವವರು, ಐಸ್ ಪೆಟ್ಟಿಗೆ ಹೊತ್ತು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು, ಬೆಳಗಿನ ಜಾವ ಕೊಟ್ಟಿಗೆಗೆ ಬರುವ ಪಶು ಆಸ್ಪತ್ರೆಯ ಸಿಬ್ಬಂದಿ, ಹೊಕ್ಕುಳಿಗೆ ಅಯೋಡಿನ್ ಹಚ್ಚುವ ರೈತ ಮಹಿಳೆ ಮಾಡುವ ಕೆಲಸ ಫಲ ಕಾಣದಿದ್ದರೂ ಮಾಡಬೇಕಾದ ಕೆಲಸ. ಗೀತೆ ಹೇಳುವ ನಿಷ್ಕಾಮ ಕರ್ಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ದಿನನಿತ್ಯದ ಬದುಕಿನಲ್ಲಿ ಸಿಗುವುದು ಕಷ್ಟ.

ಆ ಕೆಲಸ ಒಟ್ಟುಗೂಡಿದಾಗ ಎರಡು ಮಹಾರೋಗಗಳು ಭೂಮಿಯಿಂದಲೇ ಅಳಿದವು. ಮನುಷ್ಯರ ಸಿಡುಬು ಅಳಿಯಿತೆಂದು 1980ರ ಮೇ 8ರಂದು ಘೋಷಣೆಯಾಯಿತು. ದನಗಳ ದೊಡ್ಡರೋಗ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. ಮನುಷ್ಯನ ಪ್ರಯತ್ನದಿಂದ ಪೂರ್ತಿ ಅಳಿದ ಸೋಂಕುಗಳು ಇವೆರಡೇ: ಒಂದು ಮನುಷ್ಯರದು, ಇನ್ನೊಂದು ದನಗಳದು. ಎಷ್ಟೋ ತಲೆಮಾರುಗಳು ಹಣೆಬರಹ ಎಂದು ಒಪ್ಪಿಕೊಂಡಿದ್ದ ಎರಡು ಸಾವುಗಳು ಹಣೆಬರಹವಾಗಿರಲಿಲ್ಲ.

ಉಳಿದ ರೋಗಗಳು ಇನ್ನೂ ಇವೆ. ಇಂದು ರಾತ್ರಿ ಹುಟ್ಟುವ ಕರುವೂ ರಕ್ಷೆಯಿಲ್ಲದೆಯೇ ಹುಟ್ಟುತ್ತದೆ, ಅದರ ಕರುಳಿನ ಬಾಗಿಲು ನಾಳೆ ರಾತ್ರಿಯ ಹೊತ್ತಿಗೆ ಮುಚ್ಚುತ್ತದೆ. ಅಷ್ಟರೊಳಗೆ ಅದರ ಬಾಯಿಗೆ ಗಿಣ್ಣು ಸೇರಿಸುವುದು ಕೊಟ್ಟಿಗೆಯಲ್ಲಿ ನಿಂತಿರುವ ಮನುಷ್ಯನ ಕರ್ತವ್ಯ.